46 ಸಾವಿರ ಓಡಿದ ಸೆಕೆಂಡ್ ಹ್ಯಾಂಡ್ ಗಾಡಿ, ನಾಲ್ಕು ವರ್ಷ ಆದ್ಮೇಲೆ

ಗಾಡಿ ಹೆಸರು ಬರೀತಾ ಇಲ್ಲ, ಹೆಸರು ಹೇಳಿದ ಕೂಡ್ಲೆ ಅರ್ಧ ಜನ ಬಯ್ಯೋಕೆ, ಅರ್ಧ ಜನ ಹೊಗಳೋಕೆ ಶುರು ಮಾಡ್ತಾರೆ, ನಂಗೆ ಹೇಳ್ಬೇಕಾಗಿರೋದು ಬೇರೆ. ನಾಲ್ಕು ಮೀಟರ್ ಒಳಗಿನ ಡೀಸೆಲ್ ಎಸ್‌ಯುವಿ, 2015ರ ಮಾಡೆಲ್, 2021ರ ದೀಪಾವಳಿ ಆಸುಪಾಸಲ್ಲಿ ತಗೊಂಡಿದ್ದು. ಮನೆ ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ, ಕೊನೇ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಮಳೆಗಾಲದಲ್ಲಿ ಅದನ್ನ ರಸ್ತೆ ಅನ್ನೋದೂ ಕಷ್ಟ.

ಆಗ ಎರಡು ಗಾಡಿ ನೋಡಿದ್ದೆ, ಎರಡೂ ಒಂದೇ ಮಾಡೆಲ್, ಒಂದೇ ವರ್ಷದ್ದು. ಒಂದು ಶಿರಸಿದೇ, ಕೆಎ 31, ಮೀಟರ್ 1 ಲಕ್ಷ 12 ಸಾವಿರ, ಅವ್ರು ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಹೋಗಿ ಬರೋರು. ಇನ್ನೊಂದು ಕಾರವಾರದ್ದು, ಕೆಎ 30, ಬರೀ 46 ಸಾವಿರ, ಒಬ್ರೇ ಓನರ್, ರಿಟೈರ್ ಆದವ್ರು, ಬಾನೆಟ್ ಮೇಲೆ ಮುಖ ನೋಡ್ಕೊಂಡು ತಲೆ ಬಾಚಬಹುದು ಅಷ್ಟು ಹೊಳಪು. 60 ಸಾವಿರ ರೂಪಾಯಿ ಜಾಸ್ತಿ ಕೊಟ್ಟು ಕಾರವಾರದ್ದೇ ತಂದೆ. ಶಿರಸಿದನ್ನ ನಮ್ಮ ಭಾವ ತಗೊಂಡ. "ಲಕ್ಷ ದಾಟಿದ ಗಾಡಿ ಎಂತಕ್ಕೆ ಭಾವ?" ಅಂತ ನಾನೇ ನಕ್ಕಿದ್ದೆ, ಈಗ ಅವ ನಗ್ತಾನೆ.

ಇಂಜಿನ್ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳೋ ಹಾಗಿಲ್ಲ. ಈಗ 98 ಸಾವಿರ ಆಯ್ತು, ದೇವಿಮನೆ ಘಟ್ಟದಲ್ಲಿ ಐದು ಜನ, ಹಿಂದೆ ಡಿಕ್ಕಿ ತುಂಬ ಸಾಮಾನು, ಎಸಿ ಹಾಕ್ಕೊಂಡೇ ಹತ್ತುತ್ತೆ. ಕೈ ಕೊಟ್ಟಿದ್ದು ಉಳಿದಿದ್ದೆಲ್ಲ. ಮೊದಲ ಬೇಸಿಗೆಗೇ ಎಸಿ ತಣ್ಣಗಾಗೋದು ನಿಂತಿತು, ಎಸಿಯ ಬಿಸಿ ಹೊರಗೆ ಹಾಕೋ ಕಂಡೆನ್ಸರ್ ಉಪ್ಪು ತಿಂದು ಪುಡಿ ಪುಡಿ. ಆಮೇಲೆ ಎಬಿಎಸ್ ಲೈಟ್ ಹತ್ಕೊಂಡಿತು, ಅಂದ್ರೆ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದ ಹಾಗೆ ನೋಡ್ಕೊಳ್ಳೋದ್ರಲ್ಲಿ ದೋಷ. ಆಮೇಲೆ ಸೈಲೆನ್ಸರ್ ತೂತಾಗಿ ಊರಿಗೆಲ್ಲ ನಾನು ಬರೋದು ಮೊದಲೇ ಗೊತ್ತಾಗ್ತಿತ್ತು. ಲೋವರ್ ಆರ್ಮ್ ಬುಷ್, ಇಂಜಿನ್ ಮೌಂಟ್, ರಬ್ಬರ್ ಅಂತ ಇದ್ದಿದ್ದೆಲ್ಲ ಸಾಲಾಗಿ ಹೋಯ್ತು. ಎಲ್ಲಕ್ಕಿಂತ ಹೆದರಿಸಿದ್ದು ಹಿಂದಿನ ಬ್ರೇಕ್ ಪೈಪು, ತುಕ್ಕು ಹಿಡಿದು ಆಯಿಲ್ ಒಸರ್ತಾ ಇತ್ತು, ಟೈರ್ ಬದಲಿಸೋಕೆ ಎತ್ತಿದಾಗ ಹುಡುಗನ ಕಣ್ಣಿಗೆ ಬಿತ್ತು, ಘಟ್ಟ ಇಳಿಯುವಾಗ ಗೊತ್ತಾಗಿದ್ರೆ ಎಂತ ಕಥೆ, ಮಾರಿಕಾಂಬೆನೇ ಕಾದಿದ್ದು. ಸರ್ವಿಸ್, ಟೈರ್ ಬಿಟ್ಟು ರಿಪೇರಿಗೇ ನಾಲ್ಕು ವರ್ಷಕ್ಕೆ 1 ಲಕ್ಷ 34 ಸಾವಿರ ರೂಪಾಯಿ. ಭಾವನ ಗಾಡಿಗೆ ಒಂದು ಕ್ಲಚ್, ಎರಡು ಇಂಜೆಕ್ಟರ್ ಕೆಲಸ, ಒಂದು ವೀಲ್ ಬೇರಿಂಗ್, 70 ಸಾವಿರದ ಒಳಗೆ ಮುಗೀತು.

ಯಲ್ಲಾಪುರ ನಾಕೆ ಹತ್ರ ನಾವು ಬಿಡೋ ಮೆಕ್ಯಾನಿಕ್ ಒಂದು ದಿನ ಗಾಡಿ ಕೆಳಗಿಂದಲೇ ಹೇಳಿದ: "ಹೆಗಡೇರೇ, ಇದು ಓಡಿದ್ದು ಕಮ್ಮಿ, ನಿಂತಿದ್ದು ಜಾಸ್ತಿ. ಎಲ್ಲಿ ನಿಂತಿತ್ತು ಅಂತ ಕೇಳಿದ್ರಾ?" ಕೇಳಿರ್ಲಿಲ್ಲ. ನಿಂತಿದ್ದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರೋ ಕಡೆ, ಮೇಲೆ ಶೀಟ್ ಇದ್ರೂ ಪಕ್ಕದಿಂದ ಉಪ್ಪು ಗಾಳಿ. ಪಾಪ ಆ ಯಜಮಾನ್ರು ಸುಳ್ಳೇನೂ ಹೇಳಿಲ್ಲ, ದಿನಾ ಮೀನು ಮಾರ್ಕೆಟಿಗೆ ಹೋಗಿ ಬರೋದು, ವಾರಕ್ಕೊಂದ್ಸಲ ಮೇಲೆ ಮೇಲೆ ತೊಳೆಯೋದು, ಕೆಳಗಡೆ ಯಾರು ನೋಡ್ತಾರೆ. ಮೀಟರಲ್ಲಿ ಕಿಲೋಮೀಟರ್ ಬರುತ್ತೆ, ಉಪ್ಪು ಬರಲ್ಲ.

ಈಗ ಯಾರಾದ್ರೂ ಗಾಡಿ ನೋಡೋಕೆ ಕರೆದ್ರೆ ನಾನು ಮೊದಲು ರ್‍ಯಾಂಪ್ ಇರೋ ಗ್ಯಾರೇಜಿಗೆ ತನ್ನಿ ಅಂತೀನಿ, ಅದಕ್ಕೆ ಒಪ್ಪದಿದ್ರೆ ಅಲ್ಲಿಗೇ ಬಿಟ್ಬಿಡಿ. ಬ್ರೇಕ್ ಪೈಪು, ಸಬ್‌ಫ್ರೇಮಿನ (ಇಂಜಿನ್ ಹೊರೋ ಕೆಳಗಿನ ಚೌಕಟ್ಟು) ಮೂಲೆ, ಬಾಗಿಲ ಕೆಳಗಿನ ಅಂಚು, ಹಿಂದಿನ ಡೋರಿನ ಒಳತುದಿ ಎಲ್ಲ ಟಾರ್ಚ್ ಹಾಕಿ ನೋಡ್ಬೇಕು. ಹತ್ತು ವರ್ಷದ ಗಾಡಿ ಕೆಳಗೆ ಹೊಸ ಕಪ್ಪು ಕೋಟಿಂಗ್ ಮಿಂಚ್ತಾ ಇದ್ರೆ ಖುಷಿ ಪಡಬೇಡಿ, ತುಕ್ಕಿನ ಮೇಲೇ ಬಳಿದಿರಬಹುದು, ಸ್ಕ್ರೂಡ್ರೈವರ್ ಹಿಂಭಾಗದಿಂದ ಕುಟ್ಟಿ ನೋಡಿ, ಸದ್ದು ಬದಲಾಗುತ್ತೆ. ಸೀಟ್ ಬೆಲ್ಟ್ ಕೊನೆತನಕ ಎಳೀರಿ, ಬುಡದಲ್ಲಿ ಕೆಸರಿನ ಗೆರೆ ಇದ್ರೆ ಗಾಡಿ ನೀರಲ್ಲಿ ನಿಂತಿದ್ದು. 2019ರ ಆಗಸ್ಟಲ್ಲಿ ಕಾಳಿ ಉಕ್ಕಿದ್ದು ನೆನಪಿದ್ಯಲ್ಲ, ಆ ಕಡೆ ಗಾಡಿ ನೋಡೋವಾಗ ಕಾರ್ಪೆಟ್ ಎತ್ತಿ ಸೀಟಿನ ಹಳಿನೂ ನೋಡದೆ ಬರಬೇಡಿ. ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತೆ, ನಂದ್ರಲ್ಲಿ 3415, ಅಂದ್ರೆ 2015ರ 34ನೇ ವಾರ. ಬಟನ್ (ರಸ್ತೆ ಹಿಡಿಯೋ ಮೇಲಿನ ಗೆರೆ) ಚೆನ್ನಾಗಿತ್ತು ಅಂತ ಆರು ವರ್ಷದ ಟೈರಲ್ಲೇ ಒಂದು ಮಳೆಗಾಲ ಓಡಿಸಿದೆ, ಕಲ್ಲಿನ ಹಾಗೆ ಗಟ್ಟಿ, ಬ್ರೇಕ್ ಹಾಕಿದ್ರೆ ಗದ್ದೆ ಕಡೆ ಮುಖ.

ಇನ್ನೊಂದು, ಆಕ್ಸಿಡೆಂಟ್ ಆಗಿಲ್ಲ ಅಂತ ಎಲ್ರೂ ಹೇಳ್ತಾರೆ. ಇನ್ಶೂರೆನ್ಸ್ ಕಾಪಿ ತೆಗೆಸಿ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯ್ತಿ, ಎಷ್ಟಿದೆ ನೋಡಿ. ಕ್ಲೇಮೇ ಮಾಡದಿದ್ರೆ 20ರಿಂದ ಶುರುವಾಗಿ ಐದು ವರ್ಷಕ್ಕೆ 50 ಪರ್ಸೆಂಟಿಗೆ ಬರುತ್ತೆ. ಆರು ವರ್ಷ ಒಬ್ರೇ ಇಟ್ಕೊಂಡ ಗಾಡಿಲಿ ಸೊನ್ನೆ ಇದ್ರೆ ಯಾಕೆ ಅಂತ ಕೇಳಲೇಬೇಕು, ಉತ್ತರ ಹೇಳೋವಾಗ ಮುಖನೂ ನೋಡಿ. ಆ ಬೋನಸ್ ಹಳೇ ಓನರ್ ಜೊತೆಗೇ ಹೋಗುತ್ತೆ, ನಿಮಗೆ ಸಿಗಲ್ಲ, ಅದಕ್ಕೆ ಆಸೆ ಪಡಬೇಡಿ. ಸಾಲ ಇತ್ತಾ, ತೀರಿದ್ಯಾ ಅನ್ನೋದು ಸರ್ಕಾರದ ಎಂಪರಿವಾಹನ್ ಆ್ಯಪಲ್ಲೇ ಗೊತ್ತಾಗುತ್ತೆ.

ಇಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡಿ. ನೀವು ಹೋಗೋಷ್ಟರಲ್ಲಿ ಬಾನೆಟ್ ಬಿಸಿ ಇದ್ರೆ ಮರುದಿನ ಬೆಳಿಗ್ಗೆ ಹೇಳದೆ ಹೋಗಿ.

2020ರ ಏಪ್ರಿಲ್ ಆದ್ಮೇಲಿನ ಬಿಎಸ್6 (ಹೊಗೆ ಕಮ್ಮಿ ಮಾಡೋ ನಿಯಮ) ಡೀಸೆಲ್ ನೋಡ್ತಾ ಇರೋರಿಗೆ ಗಾಡಿ ಎಲ್ಲಿ ನಿಂತಿತ್ತು, ಹೇಗೆ ಓಡಿತ್ತು ಅನ್ನೋದು ಇನ್ನೂ ಮುಖ್ಯ. ಅದ್ರಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅಂತ ಫಿಲ್ಟರ್ ಇರುತ್ತೆ, ಮಸಿ ಸುಡಬೇಕಾದ್ರೆ ಗಾಡಿ ಸ್ವಲ್ಪ ದೂರ ಒಂದೇ ಸಮ ಓಡಿ ಚೆನ್ನಾಗಿ ಬಿಸಿ ಆಗಬೇಕು. ದಿನಾ ಎರಡು ಕಿಲೋಮೀಟರ್ ಹೋಗಿ ಬಂದ ಗಾಡಿಲಿ ಅದು ಕಟ್ಕೊಳ್ಳುತ್ತೆ, ಬದಲಿಸಬೇಕು ಅಂದ್ರೆ ಒಂದು ವರ್ಷದ ಅಡಿಕೆ ಲಾಭ ನೆನಪಾಗುತ್ತೆ. ಹಂಗಾಗಿ ಕಡಿಮೆ ಓಡಿದ ಬಿಎಸ್6 ಡೀಸೆಲ್ ಸಿಕ್ಕಿದ್ರೆ "ಎಷ್ಟು ಓಡಿದೆ" ಅಂತ ಕೇಳೋ ಮೊದಲು "ದಿನಾ ಎಲ್ಲಿಗೆ ಹೋಗ್ತಿದ್ರಿ" ಅಂತ ಕೇಳಿ. ಪೇಟೆ ಓಡಾಟಕ್ಕೆ ಮಾತ್ರ ಅಂದ್ರೆ ಪೆಟ್ರೋಲೇ ವಾಸಿ.

ಮೊನ್ನೆ ಭಾವ 1 ಲಕ್ಷ 90 ಸಾವಿರ ದಾಟಿದ ಮೀಟರಿನ ಫೋಟೋ ಕಳಿಸಿದ, ಕೆಳಗೆ ಏನೂ ಬರೆದಿರ್ಲಿಲ್ಲ, ಬರೆಯೋದೂ ಬೇಕಾಗಿರ್ಲಿಲ್ಲ. ನನ್ನ ಗಾಡಿ ಹಿಂದಿನ ಡೋರಿನ ಅಂಚಲ್ಲಿ ಪೇಂಟ್ ಮತ್ತೆ ಗುಳ್ಳೆ ಎದ್ದಿದೆ, ಮಳೆ ಮುಗಿದ ಮೇಲೆ ಕತ್ತರಿಸಿ ವೆಲ್ಡ್ ಮಾಡಿಸ್ಬೇಕು. ಮಾರೋ ಯೋಚ್ನೆ ಸದ್ಯಕ್ಕಿಲ್ಲ. ಮಾರೋಣ ಅಂದ್ರೂ ತಗೊಳ್ಳೋಕೆ ಬಂದವ್ರು ಇದನ್ನ ಓದಿಕೊಂಡು ಬಂದಿದ್ರೆ ಕಷ್ಟ.