ತೀರ್ಥಹಳ್ಳಿ ಕಡೆ ಬಿಲ್ಡಿಂಗ್ ಕಟ್ಟೋರು ದಯವಿಟ್ಟು ಓದಿ, ಡ್ರೈನೇಜ್ ಡಿಸೈನ್ ಹೆಸರಲ್ಲಿ ನಮಗಾದ ಮೋಸ

ಬರೀಬಾರ್ದು ಅಂತಿದ್ದೆ, ಆದ್ರೆ ನಮಗೆ ಡಿಸೈನ್ ಮಾಡ್ಕೊಟ್ಟ ಅದೇ ಇಂಜಿನಿಯರ್ ನಮ್ಮೂರಲ್ಲೇ ಇನ್ನೊಂದು ಸೈಟಿಗೆ ಪ್ಲಾನ್ ಹಾಕ್ತಿದಾನೆ ಅಂತ ಗೊತ್ತಾದ್ಮೇಲೆ ಸುಮ್ನಿರಕ್ಕೆ ಆಗ್ಲಿಲ್ಲ. ಹೆಸರು ಹಾಕಲ್ಲ.

ನಾನೂ ನಮ್ಮಣ್ಣನೂ ಸೇರಿ ಕಟ್ಸಿದ್ದು, ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್, ಮೇಲೆ ಅಂಗಡಿ, ಅದರ ಮೇಲೆ ಬಾಡಿಗೆ ಮನೆ. ಹಿಂದುಗಡೆ ಗುಡ್ಡದ ಧರೆ (ಮಣ್ಣಿನ ದಿಣ್ಣೆ) ಕಡಿದು ಮಟ್ಟ ಮಾಡಿದ ಜಾಗ. ಸ್ಟಾರ್ಮ್ ವಾಟರ್‌ಗೆ, ಅಂದ್ರೆ ಮಳೆನೀರು ಹೊರಗೆ ಹಾಕೋ ಡಿಸೈನಿಗೆ ಅಂತಲೇ ಬೇರೆ ಫೀಸ್ ತಗೊಂಡ್ರು, ಸ್ಟ್ರಕ್ಚರಲ್ ಫೀಸ್ ಬೇರೆ. ಕೊಟ್ವಿ, ಮಲ್ನಾಡು, ನೀರಿನ ವಿಷಯದಲ್ಲಿ ಜಿಪುಣತನ ಬೇಡ ಅಂತ.

ಆರಿದ್ರಾ ಮಳೆಗೆ ಬೇಸ್‌ಮೆಂಟಲ್ಲಿ ಪಾದ ಮುಳುಗೋಷ್ಟು ನೀರು. ಪುನರ್ವಸು ಹಿಡ್ಕೊಂಡ್ಮೇಲೆ ಬಾಡಿಗೆದಾರರ ಬೈಕಿನ ಇಂಜಿನ್ ತನಕ. ಕರೆಂಟ್ ಹೋಗಿತ್ತು, ಪಂಪ್ ನಿಂತಿತ್ತು, ಪಂಪಿಗೆ ಬ್ಯಾಕಪ್ಪೇ ಇಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಇರಲ್ಲ ಅಂತ ಯಾರಿಗೆ ಗೊತ್ತಿಲ್ಲ ಮಾರಾಯ್ರೆ? ಅವತ್ತು ಆ ಜನರ ಮುಂದೆ ನಿಂತ್ಕೊಳೋಕೆ ನಾಚಿಕೆ ಆಗ್ತಿತ್ತು.

ಫೋನ್ ಮಾಡಿದ್ರೆ 'ಈ ಸಲ ಅಬ್ನಾರ್ಮಲ್ ಮಳೆ ಸರ್'. ಅಬ್ನಾರ್ಮಲ್ ಎಂತದು? ಆಗುಂಬೆ ಇರೋದು ಇದೇ ತಾಲ್ಲೂಕಲ್ಲಿ, ವರ್ಷಕ್ಕೆ 7000 ಮಿ.ಮೀ. ದಾಟೋ ಊರು. ಮತ್ತೆ ಕೇಳಿದ್ರೆ 'ರಸ್ತೆ ಚರಂಡಿ ಕ್ಲೀನ್ ಮಾಡ್ಸಿ'. ಮಾಡ್ಸಿದ್ವಿ. ಮತ್ತೆ ನುಗ್ತು.

ಆಮೇಲೆ ಕ್ಯಾಲ್ಕುಲೇಶನ್ ಶೀಟ್ ಕೊಡಿ ಅಂತ ಹಿಂದೆ ಬಿದ್ದೆ. ನಾಳೆ ನಾಳೆ ಅಂದು ಕೊನೆಗೆ ವಾಟ್ಸಾಪಲ್ಲಿ ಕಳ್ಸಿದ್ರು. ತೆಗೆದು ನೋಡಿದ್ರೆ ಮೇಲ್ಗಡೆ ಪ್ರಾಜೆಕ್ಟ್ ಹೆಸರು ನಮ್ದು, ಎರಡನೇ ಪುಟದಲ್ಲಿ ಊರು ಬಳ್ಳಾರಿ! ಅಳಿಸೋದು ಮರ್ತಿದ್ರು. ಇನ್ನೊಬ್ರಿಗೆ ಮಾಡಿದ್ದ ಶೀಟ್ ನಮಗೆ ಮಾರಿದ್ರಲ್ಲ, ಅದನ್ನ ನೋಡ್ತಾ ಕೈ ನಡುಗ್ತು ನಂಗೆ. ಗಂಟೆಗೆ 40 ಮಿ.ಮೀ. ಮಳೆ ಅಂತ ಹಿಡಿದಿದಾರೆ, 600 ಚದರ ಮೀಟರ್ ಸೈಟಿಗೆ ಸೆಕೆಂಡಿಗೆ 6 ಲೀಟರ್. ನಮ್ಮ ಕಡೆ ಜೋರು ಮಳೆಗೆ ಅಂತ ಅದೇ ಸೂತ್ರಕ್ಕೆ 100 ಮಿ.ಮೀ. ಹಾಕಿದ್ರೆ 15 ಲೀಟರ್ ಬರುತ್ತೆ. ಹಾಕಿರೋದು ಒಂದೇ ಒಂದು 4 ಇಂಚಿನ ಪೈಪ್, 100 ಮೀಟರಿಗೆ ಒಂದು ಮೀಟರ್ ಇಳಿಜಾರು ಕೊಟ್ರೂ ಅದರಲ್ಲಿ 6 ಲೀಟರ್ ಹೋಗೋದೇ ಕಷ್ಟ.

ಅದೂ ಹೋಗ್ಲಿ, ಹಿಂದಿನ ಗುಡ್ಡ ಲೆಕ್ಕದಲ್ಲೇ ಇಲ್ಲ! ಅರ್ಧ ಎಕರೆ ಗುಡ್ಡದ ನೀರು ನಮ್ಮ ಧರೆ ಮೇಲಿಂದ ಇಳೀತದೆ. ಬಳ್ಳಾರಿಲೂ ಗುಡುಗು ಮಳೆ ಜೋರಾಗೇ ಬರಬೋದು, ಆದ್ರೆ ಅಲ್ಲಿ ಒಣಗಿದ ನೆಲ ಅಷ್ಟಿಷ್ಟು ಕುಡಿಯುತ್ತೆ. ಇಲ್ಲಿ ಜುಲೈ ಹೊತ್ತಿಗೆ ಮಣ್ಣು ನೆಂದು ಕೂತಿರ್ತದೆ, ಬಿದ್ದಿದ್ದರಲ್ಲಿ ಹೆಚ್ಚಿನದು ಹಾಗೇ ಹರೀತದೆ. ಅವರು ಹಾಕಿಸಿದ ಇಂಗುಗುಂಡಿಯೂ ಅಷ್ಟೆ, ಅಂತರ್ಜಲ ಮೇಲೆ ಬಂದಾಗ ಅದು ತುಂಬಿಕೊಂಡೇ ಇರ್ತದೆ, ಹೊಸ ನೀರು ಎಲ್ಲಿ ಹೋಗ್ಬೇಕು?

ಇನ್ನೊಂದು, ನಮ್ಮ ಪೈಪಿನ ಬಾಯಿಗಿಂತ ರಸ್ತೆ ಚರಂಡಿಯ ತಳವೇ ಎತ್ತರ. ಲೆವೆಲ್ ತೆಗ್ದೇ ಇಲ್ಲ. ಚರಂಡಿ ತುಂಬಿದ್ರೆ ಅದರ ನೀರು ವಾಪಸ್ ನಮ್ಮ ಬೇಸ್‌ಮೆಂಟಿಗೇ ಬರೋದು, ತಡೆಯೋಕೆ ಒಂದು ಫ್ಲಾಪ್ ವಾಲ್ವ್ (ನೀರನ್ನ ಹೊರಗೆ ಮಾತ್ರ ಬಿಡೋ ಮುಚ್ಚಳ) ಕೂಡ ಇಲ್ಲ.

ಇಷ್ಟೆಲ್ಲಾ ಬರೆದು ಕಳ್ಸಿದ್ದಕ್ಕೆ ಬಂದ ಉತ್ತರ: 'ಡಿಸೈನ್ ರಿವಿಶನ್‌ಗೆ ಹೊಸ ಕೊಟೇಶನ್ ಆಗುತ್ತೆ ಸರ್.' ಬಳ್ಳಾರಿ ಬಗ್ಗೆ ಕೇಳಿದ್ರೆ 'ಟೈಪಿಂಗ್ ಮಿಸ್ಟೇಕ್'. ಟೈಪಿಂಗ್ ಮಿಸ್ಟೇಕಂತೆ! ಆಮೇಲೆ ಬ್ಲಾಕ್.

ಕೊನೇ ಕಂತು ಕೊಡೋ ಮೊದ್ಲೇ ಲೆಕ್ಕದ ಶೀಟ್ ಇಸ್ಕೊಳಿ. ಯಾವ ಊರಿನ ಮಳೆ, ಗುಡ್ಡದ ನೀರು ಸೇರಿಸಿದೀರಾ, ಚರಂಡಿ ಲೆವೆಲ್ ಎಷ್ಟು ಅಂತ ಕೇಳಿ. ಮಳೆಗಾಲದಲ್ಲಿ ಒಂದ್ಸಲನಾದ್ರೂ ಸೈಟಿಗೆ ಬರದೇ ಇರೋರಿಗೆ ಒಂದು ರೂಪಾಯಿನೂ ಕೊಡ್ಬೇಡಿ.

ಈಗ ಬೇರೆ ಇಂಜಿನಿಯರ್ ಹಿಡಿದಿದೀವಿ. ಅವರು ಬಂದವರೇ ಮೊದ್ಲು ಧರೆ ಹತ್ತಿದ್ರು, ಮೇಲ್ಗಡೆನೇ ಅಡ್ಡ ಕಾಲುವೆ ತೆಗ್ದು ಗುಡ್ಡದ ನೀರನ್ನ ಪಕ್ಕದ ಹಳ್ಳಕ್ಕೆ ತಿರುಗಿಸ್ಬೇಕು ಅಂದ್ರು. ದುಡ್ಡು ಮತ್ತೆ ನಮ್ದೇ. ಹೊಸನಗರ, ಕೊಪ್ಪ ಕಡೆ ಯಾರಾದ್ರೂ ಈಗ ಕಟ್ಸ್ತಿದ್ರೆ ಮೆಸೇಜ್ ಮಾಡಿ, ಆ ಬಳ್ಳಾರಿ ಶೀಟಿನ ಫೋಟೋ ಕಳಿಸ್ತೀನಿ, ನಿಮಗೆ ಕೊಟ್ಟಿದ್ದರ ಪಕ್ಕ ಇಟ್ಟು ನೋಡಿ.