ತಾಳಮದ್ದಳೆಯ ಕಿವಿಗೆ ಎರಡು ಹೆಡ್‌ಫೋನ್‌ಗಳು: ಎಚ್‌ಡಿ 800 ಎಸ್ ಮತ್ತು ಎಲ್‌ಸಿಡಿ-ಎಕ್ಸ್

ಶಿರಸಿಯ ಸಮೀಪದ ನಮ್ಮೂರ ದೇವಸ್ಥಾನದ ಪೌಳಿಯಲ್ಲಿ ಎರಡು ವರ್ಷಗಳ ಹಿಂದೆ ನಡೆದ ತಾಳಮದ್ದಳೆಯನ್ನು (ವೇಷ, ಕುಣಿತಗಳಿಲ್ಲದೆ ಕೂತು ಹಾಡು-ಮಾತುಗಳಲ್ಲೇ ನಡೆಸುವ ಯಕ್ಷಗಾನವನ್ನು) ನಾನೇ ಎರಡು ಮೈಕುಗಳಿರುವ ಸಣ್ಣ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ನಡುವೆ ಪದ ಹಾಡುವ ಭಾಗವತರು, ನನ್ನ ಎಡಕ್ಕೆ ಮದ್ದಳೆಯೊಡನೆ ಅಪ್ಪಯ್ಯ, ಬಲಕ್ಕೆ ಚಂಡೆ, ಮುಂದೆ ಎದುರುಬದುರಾಗಿ ಕುಳಿತು ಪಾತ್ರಗಳ ಮಾತಾಡುವ ಅರ್ಥಧಾರಿಗಳು. ಯಾರು ಎಲ್ಲಿ ಕುಳಿತಿದ್ದರು, ಅವರ ದನಿ ನನಗೆ ಹೇಗೆ ಕೇಳಿಸಿತ್ತು ಎಂಬುದು ಇನ್ನೂ ನೆನಪಿನಲ್ಲಿರುವುದರಿಂದ, ಹೊಸ ಹೆಡ್‌ಫೋನ್ ಕೊಳ್ಳುವ ಯೋಚನೆ ಬಂದಾಗ ಪರೀಕ್ಷೆಗೆ ಇದಕ್ಕಿಂತ ನಂಬಿಕೆಯ ಧ್ವನಿಮುದ್ರಣ ಬೇರೆ ಇಲ್ಲವೆನಿಸಿತು.

ಬಹಳ ವರ್ಷಗಳಿಂದ ನಾನು ಬಳಸುತ್ತಿರುವುದು 2003ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 650. ಅದರ ಮೇಲಿನ ಮೆಟ್ಟಿಲೆಂದು ಹೇಳಬಹುದಾದ, ಲಕ್ಷ ರೂಪಾಯಿ ದಾಟುವ ಎರಡು ಹೆಡ್‌ಫೋನ್‌ಗಳನ್ನು ಈ ಮಳೆಗಾಲದಲ್ಲಿ ಎರಡು ವಾರ ಕೇಳುವ ಅವಕಾಶ ಸಿಕ್ಕಿತು. ಹುಬ್ಬಳ್ಳಿಯ ಗೆಳೆಯರೊಬ್ಬರು ಸೆನ್‌ಹೈಸರ್ ಎಚ್‌ಡಿ 800 ಎಸ್ ಕೊಟ್ಟರು. ಬೆಂಗಳೂರಿನಲ್ಲಿರುವ ಭಾವ ರಜೆಗೆ ಬರುವಾಗ ತನ್ನ ಆಡೆಝಿ ಎಲ್‌ಸಿಡಿ-ಎಕ್ಸ್ ತಂದಿದ್ದ. ತುಸು ಜೋರಾಗಿ ನುಡಿಯುವುದೇ ಕಿವಿಗೆ ಚೆಂದವೆನಿಸುವ ಅಪಾಯವಿರುವುದರಿಂದ, ರಟ್ಟಿಗೆ ತೂತು ಕೊರೆದು ಅದರಲ್ಲಿ ಮೈಕು ಕೂರಿಸಿ, ರಟ್ಟನ್ನು ಹೆಡ್‌ಫೋನಿನ ಮೆತ್ತೆಗೆ ಒತ್ತಿ ಹಿಡಿದು, ಮೂರರ ದನಿಮಟ್ಟವನ್ನೂ ಸಮ ಮಾಡಿಕೊಂಡ ಮೇಲೆಯೇ ಕೇಳಲು ಕುಳಿತೆ.

ಎಚ್‌ಡಿ 800 ಎಸ್ ಹಾಕಿಕೊಂಡ ಕೂಡಲೇ ಪೌಳಿ ಕಣ್ಣಿಗೆ ಕಟ್ಟಿತು. ಇದರ 56 ಮಿ.ಮೀ. ಉಂಗುರಾಕಾರದ ಪೊರೆಯನ್ನು ಕಿವಿಯಿಂದ ತುಸು ದೂರದಲ್ಲಿ, ಓರೆಯಾಗಿ ಕೂರಿಸಿದ್ದಾರೆ. ದನಿ ತಲೆಯೊಳಗೆ ಹುಟ್ಟಿದಂತಾಗದೆ ಎದುರಿನಿಂದ ಬಂದಂತೆನಿಸುವುದಕ್ಕೆ ಇದೊಂದು ಕಾರಣ. ಚಂಡೆಯ ಪೆಟ್ಟು ಬಲಗಡೆಯ ಕಂಬದ ಬುಡದಿಂದಲೇ ಎದ್ದು, ಹಂಚಿನ ಮಾಡಿಗೆ ತಾಗಿ ಮರಳುವುದನ್ನು ಬೇರೆಯಾಗಿ ಗುರುತಿಸಲು ಸಾಧ್ಯವಾಯಿತು. ಭಾಗವತರ ತಾಳದ ಕಿಂಕಿಣಿ ಕೊನೆಯ ಎಳೆಯವರೆಗೂ ಕೇಳುತ್ತದೆ. 2009ರ ಮೂಲ ಎಚ್‌ಡಿ 800ರಲ್ಲಿ 6 ಕಿಲೋಹರ್ಟ್ಜ್ ಆಸುಪಾಸಿನಲ್ಲಿದ್ದ ಉಬ್ಬನ್ನು 2016ರ ಈ ಆವೃತ್ತಿಯಲ್ಲಿ ಆ ದನಿಯನ್ನು ಹೀರಿಕೊಳ್ಳುವ ಹೀರುಕದ ಮೂಲಕ ತಗ್ಗಿಸಿದ್ದಾರೆ. ಆದರೂ ಅರ್ಥಧಾರಿಗಳು ಆವೇಶದಲ್ಲಿ ಶಕಾರ, ಸಕಾರಗಳನ್ನು ಒತ್ತಿ ಹೇಳುವಾಗ ನನ್ನ ಕಿವಿಗೆ ಸ್ವಲ್ಪ ಚುರುಕು ತಾಗಿತು. ಮದ್ದಳೆಯ ಎಡಮುಖದ ಗುಂಗಾರ ಸ್ಪಷ್ಟವಾಗಿದ್ದರೂ ಅದರ ತೂಕ ಕಡಿಮೆ.

ಆ ತೂಕ ಎಲ್‌ಸಿಡಿ-ಎಕ್ಸ್‌ನಲ್ಲಿ ಪೂರ್ತಿಯಾಗಿ ಸಿಗುತ್ತದೆ. ಇದು ಪ್ಲೇನಾರ್ ಜಾತಿಯದು: ಸುರುಳಿ ಕಟ್ಟಿದ ಶಂಕುವಿನ ಬದಲು, ಮೈಮೇಲೆಲ್ಲ ವಾಹಕದ ಗೆರೆಗಳಿರುವ 106 ಮಿ.ಮೀ. ತೆಳುಪೊರೆ ಆಯಸ್ಕಾಂತಗಳ ಎದುರು ಇಡಿಯಾಗಿ ಅಲುಗುತ್ತದೆ. ಮಂದ್ರದ ದನಿಗಳು ಕೆಳಗಿಳಿದಷ್ಟೂ ತೆಳುವಾಗುವುದಿಲ್ಲ. ಬೆರಳು ಮದ್ದಳೆಯ ಕರಣೆಯ (ಬಲಮುಖದ ಕಪ್ಪು ಲೇಪದ) ಮೇಲೆ ಬಿದ್ದ ಕ್ಷಣ, ಅಂಗೈ ಎಡಮುಖವನ್ನು ಒತ್ತಿ ಬಿಟ್ಟ ಕ್ಷಣ, ಎರಡೂ ಚರ್ಮದ ಸ್ಪರ್ಶದೊಡನೆ ಕೇಳಿದವು. ಅಪ್ಪಯ್ಯನಿಗೆ ಹಾಕಿ ಕೊಟ್ಟಾಗ ಅವರು ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಾಡಿಸುತ್ತಾ, ಮದ್ದಳೆ ತೊಡೆಯ ಮೇಲೇ ಇದ್ದ ಹಾಗಾಯಿತು ಎಂದರು. ಎಚ್‌ಡಿ 800 ಎಸ್‌ನಲ್ಲಿ ಅದೇ ಭಾಗವನ್ನು ಕೇಳಿ, ಇದರಲ್ಲಿ ನಾನು ಸಭೆಯಲ್ಲಿ ಕೂತು ಕೇಳುತ್ತಿದ್ದೇನೆ ಎಂದರು. ಎರಡರ ನಡುವಿನ ಅಂತರವನ್ನು ನಾನು ಇಷ್ಟು ಚೆನ್ನಾಗಿ ಹೇಳಲಾರೆ. ಆದರೆ ಎಲ್‌ಸಿಡಿ-ಎಕ್ಸ್‌ನಲ್ಲಿ ಭಾಗವತರ ಏರುದನಿ ಒಂದು ಹೆಜ್ಜೆ ಹಿಂದೆ ಸರಿದಂತೆ ನನಗನ್ನಿಸಿತು, ಪೌಳಿಯೂ ಚಿಕ್ಕದಾಯಿತು.

ವಿದ್ಯುತ್ತಿನ ವಿಷಯದಲ್ಲಿ ಎಲ್‌ಸಿಡಿ-ಎಕ್ಸ್‌ಗೆ ಅನುಕೂಲ ಹೆಚ್ಚು. ಅದರ ರೋಧ 20 ಓಮ್ ಮಾತ್ರ, ಒಂದು ಮಿಲಿವ್ಯಾಟ್‌ಗೆ 103 ಡೆಸಿಬೆಲ್ ನುಡಿಯುತ್ತದೆ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ರಾತ್ರಿಗಳಲ್ಲೂ ಮೊಬೈಲಿಗೆ ಸಿಕ್ಕಿಸಿ ಕೇಳಿದೆ. 300 ಓಮ್‌ನ ಎಚ್‌ಡಿ 800 ಎಸ್ ಹೆಚ್ಚು ವೋಲ್ಟೇಜ್ ಬೇಡುತ್ತದೆ, ಆದ್ದರಿಂದ ಒಳ್ಳೆಯ ಆಂಪ್ಲಿಫೈಯರಿನ ಖರ್ಚನ್ನೂ ಅದರ ಬೆಲೆಗೆ ಸೇರಿಸಿಕೊಳ್ಳಬೇಕು.

ಮಳೆಯ ಸದ್ದಿಗೆ ಎರಡೂ ಒಂದೇ. ಹಿಂಬದಿ ತೆರೆದಿರುವ ಹೆಡ್‌ಫೋನ್‌ಗಳಾದ್ದರಿಂದ, ಮನೆಯ ಮಹಡಿಯ ಮೇಲೆ ಕುಳಿತರೆ ಹಂಚಿನ ಮೇಲೆ ಬೀಳುವ ಜಡಿಮಳೆ ನೇರವಾಗಿ ಪದದೊಳಗೆ ಬರುತ್ತಿತ್ತು. ಹೊಳವಾದಾಗ ಮಾತ್ರ ಕೇಳಿ ಟಿಪ್ಪಣಿ ಮಾಡಿಕೊಂಡೆ. ನಮ್ಮ ಕಡೆಯ ಥಂಡಿಗೆ ಚರ್ಮದ ಮೆತ್ತೆಗಳು ಬೂಸಲು ಹಿಡಿಯುತ್ತವೆ, ಹಿಂದೊಮ್ಮೆ ನನ್ನ ಬೇರೊಂದು ಹೆಡ್‌ಫೋನಿನ ಮೆತ್ತೆಗಳು ಒಂದೇ ಆಷಾಢದಲ್ಲಿ ಹಾಳಾಗಿದ್ದವು. ಭಾವ ತಂದದ್ದರಲ್ಲಿ ಚರ್ಮದ ಮೆತ್ತೆಗಳಿದ್ದುದರಿಂದ ಅದನ್ನು ದಿನವೂ ಒರೆಸಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟೆ. ಎಚ್‌ಡಿ 800 ಎಸ್‌ನ ಬಟ್ಟೆಯಂಥ ಮೆತ್ತೆಗಳಿಗೆ ಇಷ್ಟು ಆರೈಕೆ ಬೇಕೆನಿಸಲಿಲ್ಲ.

ಕೊನೆಗೆ ನನ್ನ ಮನಸ್ಸನ್ನು ತಿರುಗಿಸಿದ್ದು ಪ್ರಸಂಗದ ಉದ್ದ. ಎಲ್‌ಸಿಡಿ-ಎಕ್ಸ್ 612 ಗ್ರಾಂ ತೂಗುತ್ತದೆ, ಎಚ್‌ಡಿ 800 ಎಸ್ 330. ಒಂದು ಪದಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಸಂಧಾನದ ಮಾತು ಮೂರನೆಯ ತಾಸಿಗೆ ಕಾಲಿಟ್ಟು ವಾದ ಕಾವೇರುವ ಹೊತ್ತಿಗೆ ನನ್ನ ಕುತ್ತಿಗೆ ನೋಯತೊಡಗಿ, ಗಮನ ಅರ್ಥದಿಂದ ಜಾರುತ್ತಿತ್ತು. ಮದ್ದಳೆಯ ಆ ತುಂಬುದನಿಯನ್ನು ಬಿಟ್ಟುಕೊಡಲು ನಿಜವಾಗಿಯೂ ಬೇಸರವಾಯಿತು, ಆದರೂ ನಾನು ಕೊಳ್ಳುವುದು ಎಚ್‌ಡಿ 800 ಎಸ್ ಅನ್ನೇ. ಹಳೆಯ ಎಚ್‌ಡಿ 650 ಮಾರುವುದಿಲ್ಲ. ಭಾಗವತರ ಕಂಠದ ನಡುಸ್ವರಗಳ ಬಿಸುಪು ಈ ಮೂರರಲ್ಲಿ ಅದಕ್ಕೇ ಚೆನ್ನಾಗಿ ಒಲಿದಿದೆ, ಬರಿಯ ಪದಗಳನ್ನು ಅದರಲ್ಲೇ ಕೇಳುತ್ತೇನೆ. ಹೊಸದನ್ನು ದೀಪಾವಳಿ ಕಳೆದ ಮೇಲೆ ತರಿಸುತ್ತೇನೆ. ಅಷ್ಟರಲ್ಲಿ ಮಾಡಿನ ಮೇಲಿನ ಸದ್ದು ನಿಂತಿರುತ್ತದೆ.