ಮಾವನ ರೇಡಿಯೋ, ಮಗಳ ಸ್ಪೀಕರ್, ನಾದಿನಿಯ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 1,400 ರೂಪಾಯಿಯ ರೇಡಿಯೋಗೆ. ಅದಕ್ಕೂ ಮುಂಚೆ 4,200 ಕೊಟ್ಟು ಬ್ಲೂಟೂತ್ ಸ್ಪೀಕರ್ ತಂದಿದ್ದೆ. ನಡುವೆ ಒಂದು ತಿಂಗಳು ರಾಜಾಜಿನಗರದ ನಾದಿನಿ ಮನೆಯಿಂದ, ಹಳೆ ಹಾಡುಗಳನ್ನು ತುಂಬಿಕೊಂಡೇ ಬರುವ ಪೆಟ್ಟಿಗೆಯೂ ಬಂದಿತ್ತು. ಮೂರನ್ನೂ ಹನುಮಂತನಗರದ ನಮ್ಮ ಹಾಲ್‌ನಲ್ಲಿ, ಒಂದೇ ಟೀಪಾಯಿ ಮೇಲೆ ಇಟ್ಟು ಕೇಳಿದ್ದೇವೆ.

ಕೇಳುವವರು ಮೂವರು. ಮಾವನಿಗೆ 79. ಕಾಳಿಂಗರಾಯರು, ಪಿ.ಬಿ. ಶ್ರೀನಿವಾಸ್ ಅಂದರೆ ಕಾಫಿ ಆರಿದರೂ ಗೊತ್ತಾಗಲ್ಲ. ಮಗಳಿಗೆ 17, ಪಿಯುಸಿ. ಓದುವಾಗ ಅವಳಿಗೆ ಲೋಫೈ, ಅಂದರೆ ಹಾಡುವವರಿಲ್ಲದ ಮೆಲ್ಲನೆಯ ಸಂಗೀತ ಬೇಕು. ನಾನು ಭಾವಗೀತೆ ಕ್ಯಾಸೆಟ್ ಕೇಳಿ ಬೆಳೆದವಳು. ಕನ್ನಡದಲ್ಲಿ ಮೊದಲ ಭಾವಗೀತೆ ಕ್ಯಾಸೆಟ್ ಬಂದದ್ದು 1978ರಲ್ಲಿ. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಆಮೇಲೆ ಅಶ್ವತ್ಥ್ ಬಂದರು, ನಮ್ಮನೆ ಟೇಪ್ ರೆಕಾರ್ಡರ್‌ಗೆ ಬಿಡುವೇ ಇರಲಿಲ್ಲ. ಆಕಾಶವಾಣಿಯವರು ಇದಕ್ಕೆ ಸುಗಮ ಸಂಗೀತ ಅನ್ನುತ್ತಾರಲ್ಲ, ನನಗೆ ಆ ಹೆಸರೇ ಇಷ್ಟ.

ಸ್ಪೀಕರ್ ತಂದಾಗ ಮೂವರಿಗೂ ಇದೊಂದೇ ಸಾಕು ಅಂದುಕೊಂಡಿದ್ದೆ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಹಾಕಿ ತೋರಿಸಿದಾಗ ಎದೆ ನಡುಗುವ ಹಾಗೆ ಬೇಸ್, ಅಂದರೆ ದಪ್ಪ ಸದ್ದು ಬಂತು. ಖುಷಿಯಿಂದ ದುಡ್ಡು ಕೊಟ್ಟೆ.

ಮೊದಲ ವಾರ ಮಾವ ಏನೂ ಹೇಳಲಿಲ್ಲ. ವಾಲ್ಯೂಮ್ ಮಾತ್ರ ದಿನದಿನಕ್ಕೆ ಜಾಸ್ತಿ ಆಗುತ್ತಾ ಹೋಯಿತು. ಒಂದು ಸಂಜೆ ನೋಡುತ್ತೇನೆ, ಕುರ್ಚಿ ಎಳೆದುಕೊಂಡು, ಬಲಗಿವಿಯನ್ನು ಸ್ಪೀಕರಿನ ಜಾಲರಿಗೆ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಾರೆ. ಇಡೀ ಟೀಪಾಯಿ ಗುಂಯ್‌ಗುಡುತ್ತಿತ್ತು. "ಹಾಡು ಕೇಳ್ಸುತ್ತಮ್ಮಾ, ಸಾಹಿತ್ಯ ಕೇಳ್ಸಲ್ಲ" ಅಂದರು.

ನನಗೆ ಆಗ ಅರ್ಥವಾಗಲಿಲ್ಲ. ಆಮೇಲೆ ಕಿವಿ ಡಾಕ್ಟರ್ ಬಿಡಿಸಿ ಹೇಳಿದರು. ವಯಸ್ಸಾದ ಹಾಗೆ ಕಿವಿಗೆ ಮೊದಲು ತಪ್ಪುವುದು ಸಣ್ಣ, ಚೂಪಾದ ಸದ್ದುಗಳು. ಸ, ಶ, ತ, ಚ ಇಂಥ ಅಕ್ಷರಗಳ ಗುರುತು ಇರುವುದು ಆ ಸದ್ದಿನಲ್ಲೇ. ದಪ್ಪ ಸದ್ದು ಮಾತ್ರ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ನಮ್ಮ ಸ್ಪೀಕರೋ ಬೇಸ್ ಎತ್ತಿ ಕೊಡುವುದಕ್ಕೇ ಮಾಡಿದ್ದು. ವಾಲ್ಯೂಮ್ ಏರಿಸಿದಷ್ಟೂ ಬೇಸ್ ದೊಡ್ಡದಾಗುತ್ತದೆ, ಮಾತು ಅದರಡಿ ಮುಚ್ಚಿಹೋಗುತ್ತದೆ. ಮಾವ ಒಂದು ವಾರ ಏರಿಸಿದ್ದೇ ಏರಿಸಿದ್ದು, ಪಾಪ, ಮಾತು ಇನ್ನೂ ದೂರ ಹೋಗಿತ್ತು.

ಫೋನಿನ ಆ್ಯಪ್‌ನಲ್ಲಿ ಈಕ್ವಲೈಸರ್ ಇದೆ, ದಪ್ಪ ಸದ್ದು, ಚೂಪು ಸದ್ದು ಬೇರೆಬೇರೆಯಾಗಿ ಏರಿಸಿ ಇಳಿಸೋಕೆ. ಬೇಸ್ ಪೂರ್ತಿ ಇಳಿಸಿ, ಮಧ್ಯದ್ದನ್ನೂ ಮೇಲಿನದ್ದನ್ನೂ ಸ್ವಲ್ಪ ಏರಿಸಿದೆ. "ಈಗ ಬೇಂದ್ರೆ ಅಂತ ಗೊತ್ತಾಯ್ತು ನೋಡು" ಅಂದರು. ಆದರೆ ಅದೇ ರಾತ್ರಿ ಮಗಳು ಓದೋಕೆ ಕೂತು ತನಗೆ ಬೇಕಾದ ಹಾಗೆ ತಿರುಗಿಸಿದಳು. ಬೆಳಿಗ್ಗೆ ಮತ್ತೆ ಗುಂಯ್. ಮತ್ತೆ ನಾನು ಇಳಿಸಿದೆ. ಹೀಗೇ ಮೂರು ವಾರ ನಡೆಯಿತು. ಆ ಸ್ಪೀಕರ್ ಒಂದೇ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತದೆ. ಮಾವನಿಗೆ ಫೋನ್ ಹಿಡಿದು ಬೆರಳಲ್ಲಿ ಗೆರೆ ಜರುಗಿಸು ಅಂತ ಹೇಳೋಕೆ ಮನಸ್ಸು ಬರಲಿಲ್ಲ. ಹಾಡು ಕೇಳಬೇಕು ಅಂದಾಗಲೆಲ್ಲ ಅವರು ನನ್ನನ್ನು ಕರೆಯಬೇಕಾಗಿತ್ತು. ಕರೆಯುವುದಕ್ಕೆ ಸಂಕೋಚಪಟ್ಟು ಎಷ್ಟೋ ದಿನ ಸುಮ್ನೆ ಕೂತಿರುತ್ತಿದ್ದರು. ನನಗೆ ನೋವಾಗಿದ್ದು ಅದೇ.

ಮಗಳ ಪಾಲಿಗೆ ಮಾತ್ರ ಸ್ಪೀಕರ್ ಚೆನ್ನಾಗಿದೆ. ಒಂದು ದಿನ ಅವಳು ಲೋಫೈ ಹಾಕಿದ್ದಾಗ ಮಾವ ದೇವರಮನೆಯಿಂದ ಎದ್ದು ಬಂದು, "ಮುಳ್ಳು ಸವೆದಿದೆ ಅನ್ಸುತ್ತೆ, ಬದಲಾಯಿಸು" ಅಂದರು. ಹಾಡಿನ ಹಿಂದೆ ಚಿಟಪಟ ಅನ್ನುತ್ತಿತ್ತು. "ಬೇಕು ಅಂತಲೇ ಹಾಕಿರ್ತಾರೆ ತಾತ, ಹಳೆ ಪ್ಲೇಟ್ ಥರ ಕೇಳ್ಲಿ ಅಂತ" ಅಂದಳು. ಗ್ರಾಮಫೋನ್ ಪ್ಲೇಟನ್ನು ಹಾಕುವ ಮುಂಚೆ ಮಖಮಲ್ ಬಟ್ಟೆಯಿಂದ ಒರೆಸುತ್ತಿದ್ದವರು ನಮ್ಮ ಮಾವ, ಆ ಚಿಟಪಟ ಬರಬಾರದು ಅಂತಲೇ. ಅಲ್ಲೇ ನಿಂತು ಇಡೀ ಹಾಡು ಕೇಳಿದರು. "ಚೆನ್ನಾಗಿದೆ, ಆದರೆ ಹಾಡೋರು ಯಾವಾಗ ಬರ್ತಾರೆ?" ಅಂದರು. ಹಾಡೋರು ಬರಲ್ಲ, ಬಂದರೆ ಅವಳಿಗೆ ಓದೋಕಾಗಲ್ಲ. ತಾತನಿಗೆ ಮಾತು ಬೇಕು, ಮೊಮ್ಮಗಳಿಗೆ ಮಾತು ಬೇಡ. ಇಬ್ಬರಿಗೂ ಬೇಕಿರುವುದು ಮನಸ್ಸು ಹಗುರಾಗುವುದೇ. ಇದು ಗೊತ್ತಾದ ಮೇಲೆ ಒಂದೇ ಯಂತ್ರದಲ್ಲಿ ಇಬ್ಬರನ್ನೂ ಕೂರಿಸುವ ಆಸೆ ಬಿಟ್ಟೆ.

ನಾದಿನಿಯ ಪೆಟ್ಟಿಗೆ ಚೆಂದ ಇತ್ತು. ಗಾಯಕರ ಹೆಸರು ತಿರುಗಿಸಿದರೆ ಹಾಡು ಬರುತ್ತದೆ, ನೆಟ್ ಬೇಡ. ಮಾತೂ ಸ್ಪಷ್ಟ. ಆದರೆ ಹೆಚ್ಚೂಕಮ್ಮಿ ಎಲ್ಲ ಸಿನಿಮಾ ಹಾಡೇ, ಭಾವಗೀತೆ ಕಡಿಮೆ. ಮೂರನೇ ವಾರಕ್ಕೆ ಮುಂದಿನ ಹಾಡು ಯಾವುದು ಅಂತ ಮಾವ ಮೊದಲೇ ಹೇಳುತ್ತಿದ್ದರು. ಆರು ಸಾವಿರದ ಮೇಲೆ ಬೆಲೆ, ನನ್ನ ಕೈಗೆ ಜಾಸ್ತಿ.

ಕೊನೆಗೆ ತಂದದ್ದು ರೇಡಿಯೋ. ಒಂದೇ ಸ್ಪೀಕರ್, ಬೇಸ್ ಅನ್ನುವುದೇ ಇಲ್ಲ, ಮಾತು ಎದುರಿಗೆ ಕೂತು ಆಡಿದ ಹಾಗೆ. ತಿರುಗಿಸುವ ಗುಂಡಿ ಎರಡೇ. 102.9ರಲ್ಲಿ ವಿವಿಧ ಭಾರತಿ, 101.3ರಲ್ಲಿ ಕನ್ನಡ ಕಾಮನಬಿಲ್ಲು. ಎರಡು ಕಡೆಯೂ ಮುಳ್ಳು ನಿಲ್ಲುವ ಜಾಗಕ್ಕೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದೇನೆ. ಹಿಂದಿನ ರೂಮಲ್ಲಿ ಗೊರಗೊರ ಅನ್ನುತ್ತದೆ. ಏರಿಯಲ್ ಪೂರ್ತಿ ಎಳೆದು ಕಿಟಕಿ ಹತ್ತಿರ ಇಟ್ಟರೆ ಸರಿಹೋಗುತ್ತದೆ. ಕರೆಂಟ್ ಹೋದರೆ ಸೆಲ್ ಇದೆ.

ಬೇಕಾದ ಹಾಡು ಬೇಕಾದಾಗ ಬರುವುದಿಲ್ಲ, ನಿಜ. ನನಗದು ತೊಂದರೆ ಅನ್ನಿಸಲಿಲ್ಲ. ಬೆಳಿಗ್ಗೆ ಒಗ್ಗರಣೆ ಹಾಕುತ್ತಾ ನಿಂತಿರುವಾಗ ಹಾಡು ಆರಿಸುವ ಪುರುಸೊತ್ತು ನನಗಿಲ್ಲ. ಯಾರೋ ಆರಿಸಿದ್ದು ಬರುತ್ತದೆ, ಹಾಲ್‌ನಲ್ಲಿ ಮಾವ, ಒಳಗೆ ನಾನು, ಇಬ್ಬರೂ ಒಂದೇ ಸಾಲು ಗುನುಗುತ್ತೇವೆ. ಸ್ಪೀಕರ್ ಈಗ ಮಗಳ ರೂಮಿನಲ್ಲಿದೆ. ನಿಮ್ಮನೆಯಲ್ಲಿ ಕೇಳುವವರೆಲ್ಲ ಅವಳ ವಯಸ್ಸಿನವರಾದರೆ ಅದನ್ನೇ ತಗೊಳ್ಳಿ.

ಹಿರಿಯರಿಗೆ ಅಂತ ಕೊಳ್ಳುವುದಾದರೆ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಹಾಡು ಹಾಕಿಸಬೇಡಿ, ವಾರ್ತೆ ಹಾಕಿಸಿ. ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ, ಏನು ಓದಿದರು ಅಂತ ಕೇಳಿ.